ಎರಡು ಬಾಟಲಿ ನೀರು

ಫೋರ್ಟ್ ಮಿಲ್
ಮಾರ್ಚ್ 6, 2022

ಯಾಮಿನಿಗೆ ಅವಳ ದೊಡ್ಡಮ್ಮನ ಆಶೀರ್ವಾದ, ಜೊತೆಗೆ ಎರಡು ಬಾಟಲಿ ನೀರು.

ಪೆಟ್ಟಿಗೆಯನ್ನು ತಲೆಕೆಳಗೆ ಮಾಡಬೇಡಿ ಎಂದು ಎಲ್ಲ ಬದಿಗೂ ಬರೆದಿದ್ದೇನೆ. ಆದರೂ ಅಂಚೆಯವರು ಮಾಡೇ ಮಾಡುತ್ತಾರೆ, ಅದಕ್ಕೆ ಮುಚ್ಚಳದ ಸುತ್ತ ಟೇಪ್ ಸುತ್ತಿದ್ದೇನೆ.

ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧವನ್ನು ನನ್ನ ಕಿವಿಯ ಮಷೀನು ನುಂಗಿಬಿಟ್ಟಿತು ಕಣೇ. ಇನ್ನು ಮೇಲೆ ಕಾಗದವೇ ವಾಸಿ. ನನಗೆ ತಿಳಿದದ್ದು ಇಷ್ಟು: ನಿಮ್ಮ ಲ್ಯಾಬಿನಲ್ಲಿ ನೀವೇ ಕಲಸಿಕೊಂಡ ವಿಷದ ನೀರಿನ ಮೇಲೆ ಪ್ರಯೋಗ ಮಾಡಿ ಸಾಕಾಗಿದೆ, ನಿಜವಾದ ಮನೆಯ ಬಾವಿಯ ನೀರು ಬೇಕು. "ದೊಡ್ಡಮ್ಮ, ನೀವು ಕುಡಿಯೋ ನೀರನ್ನೇ ಕಳಿಸಿ" ಎಂದೆ. ಅದನ್ನೇ ಕಳಿಸಿದ್ದೇನೆ.

ಕೌಂಟಿ ಆರೋಗ್ಯ ಇಲಾಖೆಯವರು ಪರೀಕ್ಷೆ ಮಾಡಿಸಿದ ವಿಷಯ ಆಗಲೇ ಹೇಳಿದೆನಲ್ಲ. ಕಳೆನಾಶಕ ಇರಬೇಕಾದ್ದಕ್ಕಿಂತ ಹೆಚ್ಚು ಇದೆಯಂತೆ. ವರದಿ ಬಂದ ದಿನ ಅರ್ಲ್ ಟೋಪಿ ಕೈಯಲ್ಲಿ ಹಿಡಿದುಕೊಂಡು ನಮ್ಮ ಹಿಂಬಾಗಿಲಿಗೆ ಬಂದ. ಪಕ್ಕದ ಪೀಚ್ ತೋಟದ ಅರ್ಲ್. ಅವನ ಮಕ್ಕಳಿಗೂ ಮೊಮ್ಮಕ್ಕಳಿಗೂ ಚುಚ್ಚುಮದ್ದು ಹಾಕಿದವಳು ನಾನೇ. ಅವನ ತಂದೆಯ ಕಾಲದಿಂದ ತೋಟಕ್ಕೆ ಹೊಡೆದ ಔಷಧಿ ನೆಲಕ್ಕಿಳಿದು ಅವನ ಬಾವಿಗೂ ನನ್ನ ಬಾವಿಗೂ ಸೇರಿದೆ. "ಡಾಕ್, ನಾನು ಬೇಕೂಂತ ಮಾಡಿದ್ದಲ್ಲ" ಎಂದ. ಪಾಪ, ಅವನ ಮುಖ ನೋಡಲಾಗಲಿಲ್ಲ. "ಅರ್ಲ್, ಹೆದರಬೇಡ. ನನ್ನ ತಂಗಿ ಮಗಳು ಇದಕ್ಕೇ ಮದ್ದು ಕಂಡುಹಿಡೀತಿದಾಳೆ" ಎಂದೆ. "ಖಂಡಿತಾನಾ?" ಎಂದ. ಖಂಡಿತ ಎಂದೆ.

ನಲವತ್ತು ವರ್ಷ ಮಕ್ಕಳ ಡಾಕ್ಟರಾಗಿದ್ದ ಈ ಊರಿನಲ್ಲಿ ನಾನು ಖಂಡಿತ ಎಂದರೆ ಅದು ಆಗಲೇಬೇಕು. ಮುಂದಿನದು ನಿನ್ನ ಕೈಯಲ್ಲಿದೆ.

ಗಂಗಾಂಬಿಕಾ ದೊಡ್ಡಮ್ಮ


ಗೈದರ್ಸ್‌ಬರ್ಗ್
ಏಪ್ರಿಲ್ 2, 2022

ದೊಡ್ಡಮ್ಮನವರಿಗೆ,

ನೀರು ತಲುಪಿತು. ಒಂದು ಹನಿಯೂ ಚೆಲ್ಲಿಲ್ಲ. ನಿಮ್ಮ ಟೇಪ್ ಬಿಚ್ಚಲು ಕತ್ತರಿ ಸಾಲದೆ ಅಡುಗೆಮನೆಯ ಚಾಕು ತರಬೇಕಾಯಿತು.

ಕೂತಿದ್ದೀರಾ? ಕೂತುಕೊಂಡು ಓದಿ. ನಿಮ್ಮ ನೀರಿನಲ್ಲಿದ್ದ ಕಳೆನಾಶಕ ಪೂರ್ತಿ ಹೋಯಿತು. ನಮ್ಮ ಯಂತ್ರಕ್ಕೆ ಹುಡುಕಿದರೂ ಸಿಗದಷ್ಟು ಹೋಯಿತು!

ನಾನು ಏನು ಮಾಡುತ್ತೇನೆ ಎಂದು ನೀವು ಊರಿಗೆಲ್ಲ ಹೇಳುವುದಾದರೆ ಸರಿಯಾಗಿ ಹೇಳಿ. ನಾವು ಕಬ್ಬಿಣದ ಕಣಗಳನ್ನು ಮಾಡುತ್ತೇವೆ. ಎಷ್ಟು ಸಣ್ಣವೆಂದರೆ, ಒಂದು ಕೂದಲಿನ ದಪ್ಪಕ್ಕೆ ಸಾವಿರ ಕಣ ಸಾಲಾಗಿ ನಿಲ್ಲುತ್ತವೆ. ಅವನ್ನು ಸಬ್ಬಕ್ಕಿಯಂಥ ಮಣಿಗಳ ಮೇಲೆ ಕೂರಿಸಿ ಗಾಜಿನ ಕೊಳವೆಗೆ ತುಂಬುತ್ತೇವೆ. ನೀರು ಅದರ ಮೂಲಕ ಇಳಿಯುವಾಗ ಕಣಗಳು ಕಳೆನಾಶಕದ ಅಣುವಿನಿಂದ ಕ್ಲೋರಿನ್ ಕಿತ್ತುಹಾಕುತ್ತವೆ. ಕ್ಲೋರಿನ್ ಹೋದರೆ ಅದರ ಹಲ್ಲು ಕಿತ್ತಂತೆ, ಆಮೇಲೆ ಉಳಿದದ್ದನ್ನು ಒಡೆಯುವುದು ಸುಲಭ. ತೊಂದರೆ ಏನೆಂದರೆ ಕಣಗಳಿಗೆ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದರೆ ಸುಮ್ಮನಾಗುತ್ತವೆ. ನಾವು ಲ್ಯಾಬಿನಲ್ಲಿ ಕಲಸಿದ ನೀರಿನಲ್ಲಿ ಅರ್ಧ ಕೆಲಸವೂ ಆಗುತ್ತಿರಲಿಲ್ಲ. ನಿಮ್ಮ ನೀರಿನಲ್ಲಿ ತುಕ್ಕೇ ಇಲ್ಲ. ಏನಿದೆ ದೊಡ್ಡಮ್ಮ ನಿಮ್ಮ ಬಾವಿಯಲ್ಲಿ?

ನಮ್ಮ ತಂಡದ ಮುಖ್ಯಸ್ಥ ಸೌರಭ್ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಫಲಿತಾಂಶ ನೋಡಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ನವೆಂಬರಿನಲ್ಲಿ ಅಟ್ಲಾಂಟಾದಲ್ಲಿ ದೊಡ್ಡ ಸಮ್ಮೇಳನ ಇದೆ, ಇದನ್ನು ನೀನೇ ಮಂಡಿಸು ಎಂದರು. ಅದಾದ ಮೇಲೆ ಈ ಕಣಗಳನ್ನು ಲ್ಯಾಬಿನಿಂದ ಹೊರಗೆ, ನಿಜವಾದ ಬಾವಿಗೆ ಒಯ್ಯಬೇಕೋ ಅಥವಾ ಇಲ್ಲಿಗೇ ಬಿಡಬೇಕೋ ಎಂಬುದು ತೀರ್ಮಾನವಾಗುತ್ತದೆ. ಐದು ವರ್ಷದ ಕೆಲಸ. ನನಗೆ ಊಟ ಸೇರುತ್ತಿಲ್ಲ, ಖುಷಿಗೆ.

ಇನ್ನೂ ನಾಲ್ಕು ಬಾಟಲಿ ಕಳಿಸಿ. ಮತ್ತೆ, ಆ ನೀರು ಕುಡಿಯುವುದನ್ನು ಇವತ್ತೇ ನಿಲ್ಲಿಸಿ. ದಯವಿಟ್ಟು.

ನಿಮ್ಮ ಯಾಮಿನಿ


ಫೋರ್ಟ್ ಮಿಲ್
ಏಪ್ರಿಲ್ 24, 2022

ನನ್ನ ಬಂಗಾರಕ್ಕೆ ನಾಲ್ಕು ಬಾಟಲಿ ನೀರು, ಆಶೀರ್ವಾದ ಅದರ ನಾಲ್ಕರಷ್ಟು.

ನಿನ್ನ ಕಾಗದವನ್ನು ಪರ್ಸಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ಹೋದ ಶನಿವಾರ ಷಾರ್ಲೆಟ್‌ನಲ್ಲಿ ನಮ್ಮ ಕನ್ನಡ ಬಳಗದ ಯುಗಾದಿ ಊಟ ಇತ್ತು. ಒಬ್ಬಟ್ಟಿನ ಸಾಲಿನಲ್ಲಿ ನಿಂತವರಿಗೆಲ್ಲ ಓದಿ ಹೇಳಿದೆ. ಬ್ಯಾಂಕುಗಳಲ್ಲಿ ಕೆಲಸ ಮಾಡುವ ಹುಡುಗರು, "ಯಾವ ಸ್ಟಾರ್ಟಪ್‌ನಲ್ಲಿ ವರ್ಕ್ ಮಾಡ್ತಾರೆ ಆಂಟಿ?" ಎಂದು ಕೇಳಿದರು. "ಸ್ಟಾರ್ಟಪ್ಪೂ ಇಲ್ಲ ಎಂಥದೂ ಇಲ್ಲ. ವಿಷ ಬೆರೆತ ನೀರಿನ ಹಲ್ಲು ಕೀಳ್ತಾಳೆ" ಎಂದೆ. ಬಳಗದ ಅಧ್ಯಕ್ಷೆ ನೀತಾ ಕೂಡಲೇ ಫೋನ್ ತೆಗೆದು ನಿನ್ನ ಪೂರ್ತಿ ಹೆಸರು ಬರೆದುಕೊಂಡಳು. ಯಾಕೆ ಎಂದು ಕೇಳಬೇಡ.

ಅರ್ಲ್‌ಗೂ ಹೇಳಿದೆ. ಆ ಮನುಷ್ಯ ಬೇಲಿಯ ಮೇಲಿಂದ ಕೈ ಚಾಚಿ ಎರಡು ಸಲ ನನ್ನ ಕೈ ಕುಲುಕಿದ. ಆಮೇಲೆ ಚರ್ಚಿಗೆ ಹೋಗಿ ನಿನಗಾಗಿ ಪ್ರಾರ್ಥನೆ ಮಾಡಿಸಿದನಂತೆ. ಈಗ ನಿನಗೆ ಇಷ್ಟಲಿಂಗದ್ದೂ ಆಶೀರ್ವಾದ, ಏಸುವಿನದೂ ಆಶೀರ್ವಾದ. ಇನ್ನೇನು ಬೇಕು?

ನೀರು ಕುಡಿಯಬೇಡಿ ಎಂದಿದ್ದೀಯಲ್ಲ. ಗ್ಯಾರೇಜಿನಲ್ಲಿ ಅಂಗಡಿ ನೀರಿನ ಪೆಟ್ಟಿಗೆಗಳು ನನ್ನ ಎತ್ತರಕ್ಕೆ ನಿಂತಿವೆ, ಕಾರು ಪಾಪ ಹೊರಗೆ ನಿಂತಿದೆ. ಸಾಕಲ್ಲವೇ? ಆ ವಿಷಯ ಅಲ್ಲಿಗೆ ಬಿಡು.

ನಿನ್ನ ಅಮ್ಮನಿಗೆ ಮೈಸೂರಿಗೆ ಫೋನ್ ಮಾಡಿ ನಾನೇ ಹೇಳಿದೆ. ಅವಳು ಅತ್ತಳು. ನಾನೂ ಸ್ವಲ್ಪ ಅತ್ತೆ, ಆದರೆ ಕಿವಿಯ ಮಷೀನು ಕೀಂ ಎಂದಿದ್ದರಿಂದ ನಿಲ್ಲಿಸಬೇಕಾಯಿತು.

ದೊಡ್ಡಮ್ಮ


ಗೈದರ್ಸ್‌ಬರ್ಗ್
ಆಗಸ್ಟ್ 21, 2022

ದೊಡ್ಡಮ್ಮನವರಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಕೆಲಸ ಇದೆ. ನೀವು ಕಳಿಸಿದ ನಾಲ್ಕು ಬಾಟಲಿಗಳ ಫಲಿತಾಂಶವೂ ಮೊದಲಿನಂತೆಯೇ ಬಂದಿತ್ತು.

ಒಂದು ಸಣ್ಣ ಸಹಾಯ. ಮನೆಯ ಹೊರಗೆ, ಗಿಡಗಳಿಗೆ ನೀರು ಹಾಕುವ ನಲ್ಲಿ ಇದೆಯಲ್ಲ, ಅದರಿಂದ ನೇರವಾಗಿ ಎರಡು ಬಾಟಲಿ ಹಿಡಿದು ಕಳಿಸಿ. ಹಾಗೆಯೇ ನಿಮ್ಮ ಬಾವಿ ಎಷ್ಟು ಆಳ, ಮನೆಯ ಪೈಪುಗಳು ಯಾವ ಕಾಲದವು, ಹತ್ತಿರದಲ್ಲಿ ಹಳೆಯ ಕಬ್ಬಿಣದ ಸಾಮಾನು ಹೂಳಿದ್ದಾರೆಯೇ, ಗೊತ್ತಿದ್ದರೆ ಬರೆಯಿರಿ. ಅವಸರವೇನಿಲ್ಲ.

ಬಳಗದವರಿಗೆ ಸದ್ಯಕ್ಕೆ ಹೆಚ್ಚಿಗೆ ಏನೂ ಹೇಳಬೇಡಿ.

ಯಾಮಿನಿ


ಫೋರ್ಟ್ ಮಿಲ್
ಸೆಪ್ಟೆಂಬರ್ 5, 2022

ಯಾಮಿನಿ, ಗಿಡದ ನಲ್ಲಿಯ ನೀರು ಎರಡು ಬಾಟಲಿ ಇದೆ. ನೇರ ನಲ್ಲಿಯಿಂದ ಹಿಡಿದದ್ದು. ಹಿಡಿಯುವಾಗ ಸೀರೆ ಒದ್ದೆಯಾಯಿತು.

ಬಾವಿಯ ಆಳ ಇನ್ನೂರು ಅಡಿ ಚಿಲ್ಲರೆ ಎಂದು ಅರ್ಲ್ ಹೇಳುತ್ತಾನೆ. ಪೈಪು ಮನೆ ಕಟ್ಟಿದಾಗಿನದು, ತಾಮ್ರದ್ದು. ಹೂತ ಸಾಮಾನು ಏನೂ ಇಲ್ಲ. ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ನಿನ್ನ ಕಾಗದ ಬ್ಯಾಂಕಿನವರು ಬರೆದ ಹಾಗೆ ಇದೆಯಲ್ಲ, ಏನು ಸಮಾಚಾರ?

ನೀನು ಹೇಳದಿದ್ದರೂ ನನಗೆ ಗೊತ್ತಾಗುತ್ತದೆ. ಆ ಸೌರಭ್ ಎಂಬುವನು ನಿನ್ನ ಕೆಲಸವನ್ನು ತನ್ನ ಹೆಸರಿಗೆ ಹಾಕಿಕೊಳ್ಳುತ್ತಿದ್ದಾನೆ, ಅಲ್ಲವೇ? ಅಂಥವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ ಕಣೇ. ನನ್ನ ಮೊದಲ ಆಸ್ಪತ್ರೆಯಲ್ಲಿ ಬಾಗಿಲಿನ ಫಲಕದ ಮೇಲೆ "ಡಾಕ್ಟರ್ ಜಿ" ಎಂದು ಬರೆಸಿದ್ದರು. ಪೂರ್ತಿ ಹೆಸರು ಉದ್ದವಾಯಿತಂತೆ. ನಾನು ಮನೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಫಲಕ ಬಿಚ್ಚಿ ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟು, "ಹೆಸರು ಪೂರ್ತಿ ಬರೆಯೋಕೆ ಆಗದಿದ್ರೆ ಬಾಗಿಲು ದೊಡ್ಡದು ಮಾಡಿಸಿ" ಎಂದೆ. ಮುಂದಿನ ವಾರ ಗಂಗಾಂಬಿಕಾ ಎಂದು ಪೂರ್ತಿ ಅಕ್ಷರಗಳಲ್ಲಿ ಬಂತು.

ಸೌರಭ್ ವಿಳಾಸ ಕಳಿಸು. ಒಂದೇ ಒಂದು ಕಾಗದ ಬರೆಯುತ್ತೇನೆ, ಅಷ್ಟೇ. ನಿನ್ನ ಹೆಸರು ನಿನ್ನ ಕೆಲಸದ ಮೇಲೆ ಇರಬೇಕು. ನಮ್ಮ ಮನೆಯ ಹೆಣ್ಣುಮಕ್ಕಳು ಅದನ್ನು ಬಿಟ್ಟುಕೊಟ್ಟವರಲ್ಲ.

ದೊಡ್ಡಮ್ಮ


ಗೈದರ್ಸ್‌ಬರ್ಗ್
ಅಕ್ಟೋಬರ್ 9, 2022

ದೊಡ್ಡಮ್ಮ,

ಸೌರಭ್‌ಗೆ ಕಾಗದ ಬರೆಯಬೇಡಿ. ಅವರು ತುಂಬ ಒಳ್ಳೆಯವರು. ನನ್ನ ಹೆಸರೇ ಮೊದಲು ಇದೆ. ನನ್ನ ಹೆಸರೊಂದೇ ಇದೆ ಎಂದರೂ ಸರಿಯೇ.

ನವೆಂಬರ್ ಮೊದಲ ವಾರ ಅಟ್ಲಾಂಟಾಕ್ಕೆ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ದಾರಿಯಲ್ಲಿ ನಿಮ್ಮ ಮನೆಯಲ್ಲಿ ಉಳಿಯುತ್ತೇನೆ. ಶನಿವಾರ ಸಂಜೆ ಬರುತ್ತೇನೆ, ಭಾನುವಾರ ಹೊರಡುತ್ತೇನೆ. ವಿಶೇಷವೇನೂ ಮಾಡಬೇಡಿ. ನಿಮ್ಮ ಕೈಯ ಸಾರು ಅನ್ನ ಸಾಕು.

ನೀತಾ ಅವರಿಂದ ಒಂದು ಇಮೇಲ್ ಬಂದಿದೆ. ರಾಜ್ಯೋತ್ಸವದಲ್ಲಿ ಸನ್ಮಾನವಂತೆ. ಬೇಡ ಎಂದು ದಯವಿಟ್ಟು ನೀವೇ ಹೇಳಿಬಿಡಿ. ಕೆಲಸ ಮುಗಿದ ಮೇಲೆ ನೋಡಬಹುದು.

ಯಾಮಿನಿ


ಫೋರ್ಟ್ ಮಿಲ್
ನವೆಂಬರ್ 20, 2022

ಯಾಮಿನಿಗೆ,

ನೀನು ಹೋಗಿ ಎರಡು ವಾರವಾಯಿತು. ಫೋನ್ ಇಲ್ಲ, ಕಾಗದ ಇಲ್ಲ. ತಪ್ಪಿಲ್ಲ. ನಾನು ನಿನ್ನ ಜಾಗದಲ್ಲಿದ್ದರೂ ಮಾಡುತ್ತಿರಲಿಲ್ಲ.

ಸನ್ಮಾನ ಬೇಡ ಎಂದು ನೀನು ಬರೆದದ್ದನ್ನು ನಾಚಿಕೆ ಎಂದುಕೊಂಡೆ. ನಮ್ಮ ಹುಡುಗಿ ವಿನಯವಂತೆ ಎಂದು ಅದಕ್ಕೂ ಹೆಮ್ಮೆಪಟ್ಟೆ. ಆ ಸ್ಕೂಲಿನ ಆಡಿಟೋರಿಯಮ್ಮಿನಲ್ಲಿ ನಿನಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದಾಗ ನನ್ನ ಎದೆ ಸೀರೆಯೊಳಗೆ ಹಿಡಿಸಲಿಲ್ಲ. ನೀತಾಳ ಮಗಳು ಇಶಾ ಓಡಿ ಬಂದು, "ಯಾಮಿನಿ ಆಂಟಿ, ನೀವು ಎಲ್ಲಾ ವಾಟರ್ ಫಿಕ್ಸ್ ಮಾಡ್ತೀರಾ?" ಎಂದು ಕೇಳಿದಳು. ಆಗ ನೀನು ಪೇಟ ತೆಗೆದು ಅವಳ ತಲೆಗಿಟ್ಟು ಮಾತು ಬದಲಿಸಿದೆ. ನಾನು ಅದನ್ನು ನೋಡಿಯೂ ನೋಡಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ನೀನು ಬಾಯಿ ಬಿಟ್ಟೆ. ನೀನು ಕೌಂಟಿಯವರಿಂದ ತರಿಸಿಕೊಂಡ ಅರ್ಲ್ ಬಾವಿಯ ನೀರಿನಲ್ಲಿ ಕೆಲಸ ಆಗಲಿಲ್ಲ, ಬೇರೆ ಬಾವಿಗಳಲ್ಲೂ ಇಲ್ಲ, ಕೊನೆಗೆ ನಮ್ಮದೇ ಗಿಡದ ನಲ್ಲಿಯ ನೀರಿನಲ್ಲೂ ಇಲ್ಲ. ಒಂದೇ ಬಾವಿ, ಒಂದು ಸಲ ಆಗುತ್ತದೆ, ಇನ್ನೊಂದು ಸಲ ಇಲ್ಲ. "ನಾನೇ ಎಲ್ಲೋ ಅಳತೆ ತಪ್ಪಿದೀನಿ ದೊಡ್ಡಮ್ಮ. ಅಟ್ಲಾಂಟಾದಲ್ಲಿ ಏನು ಹೇಳಬೇಕೋ ಗೊತ್ತಿಲ್ಲ" ಎಂದೆ.

ಬೆಳಿಗ್ಗೆ ನಿನಗೆ ದೋಸೆ ಹುಯ್ಯುತ್ತಾ, ಬಾಯಾರಿಕೆಯಾಗಿ ತಾಮ್ರದ ಬಿಂದಿಗೆಯಿಂದ ಒಂದು ಲೋಟ ಬಗ್ಗಿಸಿಕೊಂಡು ಕುಡಿದೆ. ನೀನು ನೋಡುತ್ತಿದ್ದೆ. "ದೊಡ್ಡಮ್ಮ, ಇದು ಬಾವಿ ನೀರಾ?" ಎಂದೆ. ನಾನು ಹೌದೆಂದೆ. "ನನಗೆ ಕಳಿಸಿದ ಬಾಟಲಿ ಎಲ್ಲಿಂದ ತುಂಬಿಸಿದ್ರಿ?" ಎಂದೆ. "ಇದರಿಂದಲೇ. ಕುಡಿಯೋ ನೀರನ್ನೇ ಕಳಿಸಿ ಅಂದ್ಯಲ್ಲ" ಎಂದೆ. "ಇದನ್ನ ಹೇಗೆ ತೊಳೀತೀರಿ?" ಎಂದು ನೀನು ಕೇಳಿದೆ. ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿನ ಚರಟದಲ್ಲಿ ದಿನಾ ಸಂಜೆ ಉಜ್ಜಿ, ಒಂದು ಸಲ ಗಲಬರಿಸಿ ನೀರು ತುಂಬಿಡುತ್ತೇನೆ ಎಂದು ತೋರಿಸಿದೆ. ನೀನು ಬಿಂದಿಗೆಯ ನೀರನ್ನು ಬಾಟಲಿಗೆ ತುಂಬಿಕೊಂಡೆ, ಸಿಂಕಿನ ಪಕ್ಕದ ಚರಟವನ್ನೂ ಡಬ್ಬಕ್ಕೆ ಹಾಕಿಕೊಂಡೆ, ದೋಸೆ ಕಾವಲಿಯ ಮೇಲಿರುವಾಗಲೇ ಹೊರಟುಹೋದೆ.

ನನಗೆ ಅರ್ಥವಾಯಿತು. ರಕ್ತದ ಸ್ಯಾಂಪಲ್ಲಿಗೆ ಕೈ ಬೆರಳು ತಾಗಿಸಿದ್ದಕ್ಕೆ ನರ್ಸುಗಳನ್ನು ಅಳಿಸಿದವಳು ನಾನು. ಅಂಥವಳು ಪರೀಕ್ಷೆಯ ನೀರನ್ನು ತಾಮ್ರ ಹುಳಿ ಎಲ್ಲ ಬೆರೆಸಿ ಕಳಿಸಿದೆ. ನಮ್ಮ ಮನೆಯಲ್ಲಿ ನೀರು ಎಂದರೆ ಬಿಂದಿಗೆಯ ನೀರು, ನಲ್ಲಿಯದು ಪಾತ್ರೆ ತೊಳೆಯೋಕೆ. ಅದರಾಚೆಗೆ ನನ್ನ ತಲೆ ಓಡಲೇ ಇಲ್ಲ. ನಿನ್ನ ಐದು ವರ್ಷದ ಕೆಲಸವನ್ನು ನಾನೇ ಕೆಡಿಸಿದೆ, ಅದರ ಮೇಲೆ ಊರಿಗೆಲ್ಲ ಡಂಗುರ ಸಾರಿದೆ.

ಕುಡಿಯುವುದನ್ನು ನಿಲ್ಲಿಸಿದ್ದೇನೆ ಎಂದು ನಿನಗೆ ಅನ್ನಿಸುವ ಹಾಗೆ ಬರೆದೆನಲ್ಲ, ಅದೂ ನಿಜವಲ್ಲ. ಗ್ಯಾರೇಜಿನ ಪೆಟ್ಟಿಗೆಗಳನ್ನು ಒಡೆದೇ ಇರಲಿಲ್ಲ. ನನ್ನ ಮಗಳು ಶುದ್ಧ ಮಾಡುವ ನೀರಿಗಾಗಿ ಕಾಯುತ್ತೇನೆ, ಪ್ಲಾಸ್ಟಿಕ್ಕಿನದು ಕುಡಿಯುವುದಿಲ್ಲ ಎಂಬ ಹಟ. ಡಾಕ್ಟರು ಮಾಡುವ ಕೆಲಸವೇ? ಈಗ ಒಡೆದಿದ್ದೇನೆ. ಬಿಂದಿಗೆಯನ್ನು ಅಟ್ಟಕ್ಕೆ ಹಾಕಿದ್ದೇನೆ.

ನೀನು ಮಲಗಿದ್ದ ಕೋಣೆಯಲ್ಲಿ ಶಾಲು ಮಡಿಸಿಟ್ಟು ಹೋಗಿದ್ದೀಯ. ಮರೆತದ್ದಲ್ಲ ಎಂದು ನನಗೆ ಗೊತ್ತು.

ತಪ್ಪು ನನ್ನದು, ಯಾಮಿನಿಯದಲ್ಲ ಎಂದು ಸೌರಭ್‌ಗೆ ಬರೆದು ಇದರ ಜೊತೆಯಲ್ಲೇ ಇಟ್ಟಿದ್ದೇನೆ. ಕೊಟ್ಟುಬಿಡು. ಅರ್ಲ್‌ಗೆ ಹೇಳುವುದಕ್ಕೆ ಮಾತ್ರ ನನಗೆ ಇನ್ನೂ ಕಾಲು ಬರುತ್ತಿಲ್ಲ.

ಗಂಗಾಂಬಿಕಾ


ಗೈದರ್ಸ್‌ಬರ್ಗ್
ಡಿಸೆಂಬರ್ 11, 2022

ದೊಡ್ಡಮ್ಮ, ನನ್ನ ದೊಡ್ಡಮ್ಮ,

ಮೊದಲು ಅಟ್ಟ ಹತ್ತಿ ಬಿಂದಿಗೆ ಇಳಿಸಿ. ಅಲ್ಲ, ನೀವು ಹತ್ತಬೇಡಿ, ಅರ್ಲ್‌ಗೆ ಹೇಳಿ ಇಳಿಸಿಕೊಳ್ಳಿ.

ನಾನು ಕೋಪದಲ್ಲಿ ಹೋಗಲಿಲ್ಲ. ನನ್ನ ತಲೆಯಲ್ಲಿ ಒಂದು ಊಹೆ ಹೊಳೆದಿತ್ತು. ಬಾಯಿ ಬಿಟ್ಟು ಹೇಳಿ, ಆಮೇಲೆ ಅದೂ ಸುಳ್ಳಾದರೆ ಎಂದು ಹೆದರಿದೆ. ಎರಡನೇ ಸಲ ನಿಮ್ಮನ್ನು ಊರ ಮುಂದೆ ನಿಲ್ಲಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ. ನನ್ನ ಮೌನ ನಿಮಗೆ ಹೇಗೆ ಕೇಳಿಸಿತು ಎಂದು ನಿಮ್ಮ ಕಾಗದ ಬಂದ ಮೇಲೆ ಗೊತ್ತಾಯಿತು. ಕ್ಷಮಿಸಿ.

ಅಟ್ಲಾಂಟಾದಲ್ಲಿ ಎಲ್ಲರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಒಳ್ಳೆಯ ಫಲಿತಾಂಶ ಬೇರೆ ನೀರಿನಲ್ಲಿ ಮತ್ತೆ ಬರಲಿಲ್ಲ, ಯಾಕೆ ಎಂದು ನಿನ್ನೆ ಬೆಳಿಗ್ಗೆಯವರೆಗೂ ಗೊತ್ತಿರಲಿಲ್ಲ, ಈಗ ಒಂದು ಊಹೆ ಇದೆ, ಅದು ನನ್ನ ಕಾರಿನಲ್ಲಿ ಒಂದು ಡಬ್ಬದಲ್ಲಿದೆ ಎಂದೆ. ಜನ ನಕ್ಕರು. ಸೌರಭ್ ನಗಲಿಲ್ಲ. ಹೊರಗೆ ಬಂದ ಮೇಲೆ, "ಡಬ್ಬದಲ್ಲಿ ಏನಿದೆ?" ಎಂದು ಮಾತ್ರ ಕೇಳಿದರು. ಹುಣಸೆಹಣ್ಣು ಎಂದೆ. ಕ್ರಿಸ್‌ಮಸ್‌ವರೆಗೆ ಸಮಯ ಕೊಟ್ಟರು.

ಕೇಳಿ, ಇದನ್ನು ನಿಧಾನವಾಗಿ ಬರೆಯುತ್ತೇನೆ. ನಿಮ್ಮ ಮೊದಲ ಬಾಟಲಿಯಲ್ಲೇ ತಾಮ್ರದ ಅಂಶ ಕಂಡಿತ್ತು. ಮನೆಯ ಪೈಪಿನದು ಎಂದುಕೊಂಡೆ. ಲ್ಯಾಬಿನ ನೀರಿಗೆ ಅಷ್ಟೇ ತಾಮ್ರ ಹಾಕಿ ನೋಡಿದೆ, ಏನೂ ಆಗಲಿಲ್ಲ, ಕೈಬಿಟ್ಟೆ. ನನಗೆ ಗೊತ್ತಿಲ್ಲದೇ ಇದ್ದದ್ದು ಹುಳಿ. ಹುಣಸೆಯ ಹುಳಿ ಬಿಂದಿಗೆಯ ಕಿಲುಬು ತೆಗೆಯುವ ಹಾಗೆಯೇ ನನ್ನ ಕಬ್ಬಿಣದ ಕಣಗಳ ತುಕ್ಕನ್ನೂ ತೆಗೆಯುತ್ತದೆ. ಮೈ ಶುದ್ಧವಾದ ಕಣದ ಮೇಲೆ ತಾಮ್ರ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಆ ಚುಕ್ಕೆಗಳೇ ವೇಗವರ್ಧಕ, ತಾವು ಸವೆಯದೆ ಕಬ್ಬಿಣದಿಂದ ಬೇಗ ಕೆಲಸ ಮಾಡಿಸುತ್ತವೆ. ಹುಳಿ ಒಂದೇ ಸಾಲದು, ತಾಮ್ರ ಒಂದೇ ಸಾಲದು. ನಿಮ್ಮ ಬಿಂದಿಗೆಯಲ್ಲಿ ಎರಡೂ ಸೇರಿದ್ದವು.

ಈಗ ಲ್ಯಾಬಿನಲ್ಲಿ ಕಣಗಳಿಗೆ ಮೊದಲೇ ಅಳತೆಯಂತೆ ತಾಮ್ರ ಕೂರಿಸಿ, ಹುಣಸೆಯಲ್ಲಿರುವ ಹುಳಿಯನ್ನೇ ಪುಡಿಯಾಗಿ ತಂದು ಬಳಸುತ್ತಿದ್ದೇನೆ. ಕೊನೆಯಲ್ಲಿ ತಾಮ್ರ, ಕಬ್ಬಿಣ ನೀರಿಗೆ ಉಳಿಯದಂತೆ ಇನ್ನೊಂದು ಶೋಧಕ ಇದೆ. ಅರ್ಲ್ ಬಾವಿಯ ನೀರು ಹಾಕಿದೆ. ಹೋಯಿತು. ಗಿಡದ ನಲ್ಲಿಯ ನೀರು ಹಾಕಿದೆ. ಹೋಯಿತು. ಬೇರೆಯವರ ಕೈಯಲ್ಲಿ, ನಾನು ಕೋಣೆಯಲ್ಲಿ ಇಲ್ಲದಿರುವಾಗ ಮಾಡಿಸಿದೆ. ಆಗಲೂ ಹೋಯಿತು! ನೀವು ಕೆಡಿಸಲಿಲ್ಲ ದೊಡ್ಡಮ್ಮ. ಐದು ವರ್ಷದಲ್ಲಿ ನನಗೆ ಸಿಗದೇ ಇದ್ದದ್ದನ್ನು ಎರಡು ಬಾಟಲಿಯಲ್ಲಿ ತುಂಬಿ ಕಳಿಸಿದಿರಿ.

ಈಗ ಒಂದು ಬೈಗುಳ. ಬಿಂದಿಗೆಯಲ್ಲಿಟ್ಟ ಮಾತ್ರಕ್ಕೆ ನೀರಿನ ವಿಷ ಹೋಗುವುದಿಲ್ಲ, ನೀವು ಕುಡಿದದ್ದು ವಿಷದ ನೀರೇ. ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಬಳಗದಲ್ಲಿ ಭಾಷಣ ಮಾಡಿದಿರೋ, ನಾನೇ ಬಂದು ಮೈಕ್ ಕಿತ್ತುಕೊಳ್ಳುತ್ತೇನೆ.

ಸೌರಭ್‌ಗೆ ನಿಮ್ಮ ಕಾಗದ ಕೊಟ್ಟೆ, ಓದಿಯೂ ಹೇಳಿದೆ. ಬೇಸಿಗೆಯಲ್ಲಿ ಪ್ರಯೋಗವನ್ನು ನಿಜವಾದ ಬಾವಿಗೆ ಒಯ್ಯಲು ಒಪ್ಪಿದ್ದಾರೆ. ಯಾವ ಬಾವಿ ಎಂದು ಕೇಳಿದರು. ಅರ್ಲ್‌ನದು ಎಂದೆ.

ಶಾಲು ಅಲ್ಲೇ ಇರಲಿ. ಅದು ಇನ್ನೂ ನನ್ನದಲ್ಲ.

ನಿಮ್ಮ ಯಾಮಿನಿ


ಫೋರ್ಟ್ ಮಿಲ್
ಜೂನ್ 18, 2023

ನನ್ನ ಮಗಳು ಯಾಮಿನಿಗೆ,

ಬರೆಯುವುದು ತಡವಾಯಿತು. ನಿನ್ನ ಶೋಧಕವನ್ನು ನೀವು ಅರ್ಲ್‌ನ ಪಂಪುಮನೆಯಲ್ಲಿ ಕೂರಿಸಿ ಹೋದ ಮೇಲೆ, ಕೌಂಟಿಯವರ ವರದಿ ಬರದೆ ನಾನು ಪೆನ್ನು ಮುಟ್ಟಬಾರದು ಎಂದುಕೊಂಡಿದ್ದೆ. ಒಂದು ಸಲ ಅವಸರಪಟ್ಟು ಬುದ್ಧಿ ಬಂದಿದೆ.

ವರದಿ ಬಂತು. ಮೂರು ಸಲ ಬೇರೆ ಬೇರೆ ವಾರ ತೆಗೆದ ನೀರು. ಕಳೆನಾಶಕ ಕಾಣುವುದಿಲ್ಲ, ತಾಮ್ರ ಮಿತಿಯೊಳಗಿದೆ, ಕಬ್ಬಿಣ ಮಿತಿಯೊಳಗಿದೆ. ನಿನಗೂ ಸೌರಭ್‌ಗೂ ಇಷ್ಟರಲ್ಲಿ ಕಂಪ್ಯೂಟರಿನಲ್ಲಿ ಬಂದಿರುತ್ತದೆ. ಆದರೆ ಅರ್ಲ್‌ನ ಅಡುಗೆಮನೆಯಲ್ಲಿ ಏನಾಯಿತು ಎಂದು ಕಂಪ್ಯೂಟರು ಹೇಳುವುದಿಲ್ಲ, ಅದನ್ನು ನಾನು ಹೇಳುತ್ತೇನೆ.

ಅವನು ವರದಿಯನ್ನು ನನ್ನ ಕೈಗೆ ಕೊಟ್ಟು, "ಡಾಕ್, ನೀವೇ ಓದಿ, ನನಗೆ ಧೈರ್ಯವಿಲ್ಲ" ಎಂದ. ಓದಿದೆ. ನಲ್ಲಿ ತಿರುಗಿಸಿ ಒಂದು ಲೋಟ ಹಿಡಿದು ಮೊದಲು ನನಗೆ ಕೊಡಲು ಬಂದ. ನಾನು ಬೇಡ ಎಂದೆ. ಮೊದಲು ಪುಟ್ಟ ಮೊಮ್ಮಗಳಿಗೆ ಕೊಡು ಎಂದೆ. ಮೊದಲ ವರದಿ ಬಂದ ದಿನದಿಂದ ಆ ಮಗು ಮನೆಯ ನಲ್ಲಿಯ ನೀರು ಕುಡಿದೇ ಇರಲಿಲ್ಲ. ಗಟಗಟ ಕುಡಿದು, "ಇದು ನೀರಿನ ಹಾಗೇ ಇದೆ" ಎಂದಿತು. ಅರ್ಲ್ ಸಿಂಕಿನ ಕಡೆ ತಿರುಗಿ ಖಾಲಿ ಲೋಟವನ್ನು ಮತ್ತೆ ತುಂಬಿದ. ಆಮೇಲೆ ನಾನು ಒಂದಲ್ಲ, ಎರಡು ಲೋಟ ಕುಡಿದೆ.

ನಿನ್ನೆ ಬಳಗದ ಪಿಕ್‌ನಿಕ್ ಇತ್ತು. ಹೆದರಬೇಡ, ಹಿರಿಯರ ಜ್ಞಾನದ ಮೇಲೆ ಭಾಷಣ ಮಾಡಲಿಲ್ಲ. ಮೈಕ್ ತೆಗೆದುಕೊಂಡು, "ಹೋದ ರಾಜ್ಯೋತ್ಸವಕ್ಕೆ ನಮ್ಮ ಯಾಮಿನಿಗೆ ಶಾಲು ಹೊದಿಸಿದ್ವಲ್ಲ, ಅದು ತಪ್ಪು. ಆಗ ಅವಳ ಕೆಲಸ ಆಗಿರಲಿಲ್ಲ. ಅವಳು ಬೇಡ ಅಂದ್ಲು, ನಾನು ಕೇಳಲಿಲ್ಲ. ಈಗ ಆಗಿದೆ" ಎಂದು ಹೇಳಿ ಕೂತೆ. ಯಾರೋ ಚಪ್ಪಾಳೆ ಶುರು ಮಾಡಿದರು. ಇಶಾ ಬಂದು, "ಅಜ್ಜಿ, ಆ ವಾಟರ್ ಫಿಕ್ಸ್ ಆಯ್ತಾ?" ಎಂದು ಕೇಳಿದಳು. ಒಂದು ಬಾವಿ ಆಯಿತು, ಉಳಿದದ್ದು ನೀನು ದೊಡ್ಡವಳಾಗಿ ಮಾಡು ಎಂದೆ.

ನಿನ್ನ ಪ್ರಬಂಧದ ಕರಡು ಓದಿದೆ. ಕೊನೆಯಲ್ಲಿ ನನಗೆ ಕೃತಜ್ಞತೆ ಹೇಳಿದ್ದೀಯ, ಹೆಸರು ಪೂರ್ತಿ ಬರೆದಿದ್ದೀಯ, ಸಂತೋಷ. ಆದರೆ "ಮನೆಬಳಕೆಯ ತಾಮ್ರದ ಪಾತ್ರೆ" ಎಂದರೆ ಏನರ್ಥ? ಚಿಕ್ಕಪೇಟೆಯಲ್ಲಿ ಆರಿಸಿ, ತೊಡೆಯ ಮೇಲೆ ಇಟ್ಟುಕೊಂಡು ವಿಮಾನದಲ್ಲಿ ತಂದ ಬಿಂದಿಗೆ ಅದು. ಬಿಂದಿಗೆ ಎಂದೇ ಬರೆ. ಓದುವವರು ಕಲಿಯಲಿ.

ನನ್ನ ಬಾವಿಗೆ ಮುಂದಿನ ತಿಂಗಳು ಶೋಧಕ ಕೂರಿಸುತ್ತೀರಂತೆ. ಅಲ್ಲಿಯವರೆಗೆ ಅರ್ಲ್‌ನ ಮನೆಯಿಂದ ಹಿಡಿದು ತರುತ್ತೇನೆ, ಬಿಂದಿಗೆಯಲ್ಲೇ. ಉಜ್ಜಿದ ಮೇಲೆ ಚೆನ್ನಾಗಿ ತೊಳೆಯುತ್ತೇನೆ, ಆಣೆ ಮಾಡಿ ಹೇಳುತ್ತೇನೆ.

ಈ ಪೆಟ್ಟಿಗೆಯಲ್ಲೂ ಎರಡು ಬಾಟಲಿ ನೀರು ಇದೆ. ಅರ್ಲ್‌ನ ನಲ್ಲಿಯಿಂದ ನೇರ ಹಿಡಿದದ್ದು, ಬಿಂದಿಗೆ ಮುಟ್ಟಿಲ್ಲ. ಇದನ್ನು ಲ್ಯಾಬಿಗೆ ಒಯ್ಯಬೇಡ. ಮನೆಯಲ್ಲಿ ಕೂತು ಕುಡಿ. ಒಂದು ನಿನಗೆ, ಒಂದು ಸೌರಭ್‌ಗೆ.

ಬಾಟಲಿ ಒಡೆಯದಿರಲಿ ಎಂದು ಶಾಲಿನಲ್ಲಿ ಸುತ್ತಿದ್ದೇನೆ. ಈ ಸಲ ಮಡಿಸಿ ವಾಪಸ್ ಕಳಿಸಬೇಡ.

ನಿನ್ನ ದೊಡ್ಡಮ್ಮ
ಗಂಗಾಂಬಿಕಾ